ಸಂದರ್ಶನ ಮುಗಿದ ಮೇಲೆ ಒಂದು ಉತ್ತರವೂ ಇಲ್ಲವೇ?

ಮಾನ್ಯರೇ,

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಂಪನಿಯೊಂದು ಲೆಕ್ಕಪತ್ರ ವಿಭಾಗದ ಕೆಲಸಕ್ಕೆ ಸಂದರ್ಶನ ಕರೆದಿತ್ತು. ಬೆಳಿಗ್ಗೆ ಹತ್ತಕ್ಕೆ ಬರಬೇಕೆಂದಿದ್ದರಿಂದ ಗದಗಿನಿಂದ ನಸುಕಿನಲ್ಲೇ ಬಸ್ ಹತ್ತಿದೆ. ಒಳಗೆ ಕರೆದಾಗ ಊಟದ ಹೊತ್ತು ದಾಟಿತ್ತು. ಆನ್‌ಲೈನ್‌ನಲ್ಲಿ ತುಂಬಿದ್ದ ಅರ್ಜಿಯನ್ನೇ ಮತ್ತೆ ಕಾಗದದ ಮೇಲೆ ತುಂಬಿಸಿದರು. ಸಂದರ್ಶಕರು ಮೊಬೈಲ್‌ನಿಂದ ತಲೆ ಎತ್ತದೆ 'ಟ್ಯಾಲಿ ಬರುತ್ತಾ?' ಎಂದರು. ಲೆಕ್ಕಪತ್ರದ ಆ ಸಾಫ್ಟ್‌ವೇರ್ ಬರುತ್ತದೆಂದು ಅರ್ಜಿಯ ಮೊದಲ ಪುಟದಲ್ಲೇ ಇತ್ತು! ಆಮೇಲೆ ಟೆಸ್ಟ್ ಅಂತ ತಮ್ಮದೇ ಜಿಎಸ್‌ಟಿ ಬಿಲ್ಲುಗಳ ಕಟ್ಟು ಕೊಟ್ಟು ಸಂಜೆವರೆಗೆ ಎಂಟ್ರಿ ಮಾಡಿಸಿದರು. ಇದು ಪರೀಕ್ಷೆಯೋ, ಪುಕ್ಕಟೆ ದುಡಿಮೆಯೋ? 'ಎರಡು ದಿನದಲ್ಲಿ ಹೇಳ್ತೀವಿ' ಎಂದವರು ಈಗ ಫೋನ್ ಎತ್ತುತ್ತಿಲ್ಲ. ಅದೇ ಜಾಹೀರಾತು ಮಾತ್ರ ಮತ್ತೆ ಬಂದಿದೆ.

ಕೆಲಸ ಕೊಡಲೇಬೇಕು ಎಂದು ನಾನು ಹೇಳುತ್ತಿಲ್ಲ. ಆಗಲ್ಲ ಅಂತ ಒಂದು ಮೆಸೇಜ್ ಹಾಕಿದರೆ ಇವರ ಗಂಟೇನು ಹೋಗುತ್ತದೆ? ಸಂಬಳ ಎಷ್ಟೆಂದು ಜಾಹೀರಾತಿನಲ್ಲೇ ಬರೆದರೆ ಗದಗ, ಹಾವೇರಿಯಿಂದ ಬರುವವರಿಗೆ ಬಸ್ ಚಾರ್ಜಾದರೂ ಉಳಿಯುತ್ತದೆ, ಅಲ್ವಾ?

25 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳೂ ಸಾಮಾನ್ಯವಾಗಿ ಖಾಲಿ ಹುದ್ದೆಗಳನ್ನು ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕೆಂದು 1959ರಲ್ಲೇ ಕಾನೂನು ಬಂದಿತ್ತು. ಆದರೆ ಅಭ್ಯರ್ಥಿಯನ್ನು ಹೀಗೆ ಸುಮ್ನೆ ಕಾಯಿಸುವುದನ್ನು ಕೇಳುವವರಿಲ್ಲ. ಉದ್ಯೋಗ ಮೇಳ ನಡೆಸುವ ಅಧಿಕಾರಿಗಳಾದರೂ, ಬರುವ ಕಂಪನಿಗಳಿಂದ ಸಂಬಳದ ವಿವರ ಮತ್ತು ಫಲಿತಾಂಶ ತಿಳಿಸುವ ದಿನಾಂಕವನ್ನು ಮೊದಲೇ ಬರೆಸಿಕೊಳ್ಳಲಿ.

– ನೊಂದ ಅಭ್ಯರ್ಥಿ, ಗದಗ