ಕೋಲೀನ್ ಹೆಚ್ಚಿದೆ ಎಂಬ ಒಂದು ಸಾಲು ಸಾಲದು

ಮಾನ್ಯ ಸಂಪಾದಕರೇ,

ತಲೆಬುರುಡೆ ತೆರೆಯದೆ ಮಿದುಳಿನ ಗೆಡ್ಡೆಯ ಗುಣ ತಿಳಿಯುವ ಸ್ಕ್ಯಾನ್‌ಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಸುದ್ದಿ ಬರುತ್ತದೆ. ‘ಇನ್ನು ಬಯಾಪ್ಸಿ ಬೇಕಿಲ್ಲ’ ಎಂಬ ಧಾಟಿಯ ತಲೆಬರಹವೂ ಇರುತ್ತದೆ. ಅದನ್ನು ಓದಿದ ಮನೆಯವರು, ಮಿದುಳಿನ ರಾಸಾಯನಿಕಗಳನ್ನು ಅಳೆಯುವ ಎಂಆರ್ ಸ್ಪೆಕ್ಟ್ರೋಸ್ಕೋಪಿ ಸ್ಕ್ಯಾನಿನ ರಿಪೋರ್ಟ್ ಕೈಗೆ ಬಂದಾಗ ‘ಕೋಲೀನ್ ಹೆಚ್ಚಿದೆ, ಎನ್‌ಎಎ ಕಡಿಮೆಯಿದೆ’ ಎಂಬ ಸಾಲನ್ನು ಕ್ಯಾನ್ಸರ್ ಎಂದೇ ಓದಿಕೊಂಡು ಕಂಗಾಲಾಗುತ್ತಾರೆ. ಆ ಸಾಲು ಹುಟ್ಟುವುದು ಹೇಗೆ, ಅದು ಸುಳ್ಳಾಗುವುದು ಎಲ್ಲಿ ಎಂಬುದನ್ನು ಈ ಕೆಲಸದಲ್ಲೇ ಇರುವ ನಾವು ಬಿಡಿಸಿ ಹೇಳುವುದು ಅಗತ್ಯ ಅನ್ನಿಸಿ ಬರೆಯುತ್ತಿದ್ದೇವೆ.

ಮಾಮೂಲಿ ಎಂಆರ್‌ಐ ತೋರಿಸುವುದು ಮುಖ್ಯವಾಗಿ ನೀರನ್ನು. ಡೈ ಕೊಟ್ಟಾಗ ಹೊಳೆಯುವ ಜಾಗ ರಕ್ತನಾಳದ ತಡೆಗೋಡೆ ಸೋರುತ್ತಿದೆ ಎಂದಷ್ಟೇ ಹೇಳುತ್ತದೆ. ಗೆಡ್ಡೆಯ ಜೀವಕೋಶ ಏನನ್ನು ಉಣ್ಣುತ್ತಿದೆ, ಏನನ್ನು ಹೊರಹಾಕುತ್ತಿದೆ ಎಂಬುದು ಅದರಲ್ಲಿ ಕಾಣದು. ಆಮ್ಲಜನಕ ಸಾಕಷ್ಟಿದ್ದರೂ ಗೆಡ್ಡೆಯ ಕೋಶಗಳು ಗ್ಲೂಕೋಸನ್ನು ಅರ್ಧಕ್ಕೇ ಒಡೆದು ಲ್ಯಾಕ್ಟೇಟ್ ಮಾಡುತ್ತವೆ ಎಂಬುದನ್ನು ಒಟ್ಟೊ ವಾರ್‌ಬರ್ಗ್ 1920ರ ದಶಕದಲ್ಲೇ ಗುರುತಿಸಿದ್ದರು. ಬೇಗ ಬೇಗ ಹೊಸ ಕೋಶಗಳು ಹುಟ್ಟಿದಾಗ ಅವುಗಳ ಪೊರೆ ಕಟ್ಟಲು ಬೇಕಾದ ಕೋಲೀನ್ ಸಂಯುಕ್ತಗಳು ಏರುತ್ತವೆ. ನರಕೋಶಗಳು ನಾಶವಾದಲ್ಲಿ ಅವುಗಳ ಗುರುತಾದ ಎನ್-ಅಸಿಟೈಲ್ ಆಸ್ಪರ್ಟೇಟ್, ಅಂದರೆ ಎನ್‌ಎಎ, ಇಳಿಯುತ್ತದೆ. ಸ್ಪೆಕ್ಟ್ರೋಸ್ಕೋಪಿ ಅಳೆಯುವುದು ಈ ರಾಸಾಯನಿಕಗಳನ್ನು. ಅದೇ ಎಂಆರ್‌ಐ ಯಂತ್ರ ಸಾಕು. ವಿಕಿರಣವಿಲ್ಲ, ಸೂಜಿಯೂ ಬೇಕಿಲ್ಲ. ಗ್ರಾಫಿನಲ್ಲಿ ಎಡದಿಂದ ಬಲಕ್ಕೆ 3.2 ಪಿಪಿಎಂ (ಗ್ರಾಫಿನಲ್ಲಿ ಶಿಖರದ ಜಾಗ ಹೇಳುವ ಅಳತೆ) ಹತ್ತಿರ ಕೋಲೀನ್, 3.0ರಲ್ಲಿ ಕೋಶದ ಶಕ್ತಿ ಬಳಕೆಗೆ ಸೇರಿದ ಕ್ರಿಯಾಟಿನ್, 2.0ರಲ್ಲಿ ಎನ್‌ಎಎ, 1.3ರಲ್ಲಿ ಲ್ಯಾಕ್ಟೇಟ್. ಆರೋಗ್ಯವಂತ ವಯಸ್ಕರ ಮಿದುಳಿನಲ್ಲಿ ಎನ್‌ಎಎ ಎಲ್ಲಕ್ಕಿಂತ ಎತ್ತರ. ನರಕೋಶಗಳಿಗೆ ಆಸರೆಯಾದ ಕೋಶಗಳಿಂದ ಹುಟ್ಟುವ ಗ್ಲಯೋಮಾ ಗೆಡ್ಡೆಯಲ್ಲಿ ಆ ಏರು ತಿರುಗಿ ಕೋಲೀನ್ ಮೇಲಾಗುತ್ತದೆ. ಪಾಠ ಇಷ್ಟು ಸರಳ. ತೊಡಕಿರುವುದು ಅಳೆಯುವಲ್ಲಿ.

ನೀರಿನ ಸಂಜ್ಞೆಯ ಮುಂದೆ ಈ ರಾಸಾಯನಿಕಗಳ ಸಂಜ್ಞೆ ಸಾವಿರಾರು ಪಟ್ಟು ಸಣ್ಣದು. ಹಾಗಾಗಿ ನೀರನ್ನು ಅಡಗಿಸಿ, ಒಂದೇ ಜಾಗದಿಂದ ಮತ್ತೆ ಮತ್ತೆ ಸಂಜ್ಞೆ ತೆಗೆದು ಸರಾಸರಿ ಮಾಡಬೇಕು. 2 ಸೆಂಟಿಮೀಟರ್ ಬದಿಯ ಘನ, ಅಂದರೆ 8 ಮಿಲಿಲೀಟರ್ ಅಂಗಾಂಶದಿಂದ 2 ಸೆಕೆಂಡಿಗೊಮ್ಮೆ 128 ಸಲ ತೆಗೆದರೆ 4 ನಿಮಿಷ 16 ಸೆಕೆಂಡ್. ಗೆಡ್ಡೆ ಚಿಕ್ಕದೆಂದು ಬದಿಯನ್ನು 1 ಸೆಂಟಿಮೀಟರಿಗೆ ಇಳಿಸಿದರೆ ಸಂಜ್ಞೆ ಎಂಟರಲ್ಲೊಂದು ಭಾಗಕ್ಕೆ ಬೀಳುತ್ತದೆ. ಮೊದಲಿನಷ್ಟೇ ಸ್ಪಷ್ಟತೆ ಬೇಕೆಂದರೆ 64 ಪಟ್ಟು ಹೊತ್ತು ಬೇಕು, ನಾಲ್ಕೂವರೆ ಗಂಟೆ. ಯಾವ ರೋಗಿಯೂ ಅಷ್ಟು ಹೊತ್ತು ಅಲುಗಾಡದೆ ಮಲಗಲಾರರು. ಕಡಲೆಕಾಳಿನಷ್ಟು ಗೆಡ್ಡೆಯ ಮೇಲೆ ‘ಸ್ಪೆಕ್ಟ್ರೋಸ್ಕೋಪಿ ಮಾಡಿ’ ಎಂದು ಚೀಟಿ ಬಂದಾಗ ಆಗುವುದಿಲ್ಲ ಎನ್ನುವುದೇ ಸರಿಯಾದ ಉತ್ತರ.

ಆ ಘನವನ್ನು ಎಲ್ಲಿ ಇಡುತ್ತೇವೆ ಎಂಬುದರಲ್ಲೇ ಅರ್ಧ ರಿಪೋರ್ಟ್ ತೀರ್ಮಾನವಾಗುತ್ತದೆ. ಪರದೆಯಲ್ಲಿ ಮೂರು ಕೋನದ ಚಿತ್ರಗಳ ಮೇಲೆ ಒಂದು ಪುಟ್ಟ ಬಿಳಿ ಚೌಕ ಕಾಣುತ್ತದೆ. ಟೆಕ್ನಿಷಿಯನ್ ಅದನ್ನು ಮೌಸಿನಿಂದ ಸರಿಸುತ್ತಾರೆ. ಅಡ್ಡ ಕೊಯ್ತದಲ್ಲಿ ಗೆಡ್ಡೆಯೊಳಗೇ ಕೂತಂತೆ ಕಂಡ ಚೌಕ, ಪಕ್ಕದ ಕೋನದಿಂದ ನೋಡಿದರೆ ಅರ್ಧ ಮಿದುಳಿನ ಕುಹರದ ನೀರಿನಲ್ಲಿರುತ್ತದೆ. ನಡುವಿನ ಕೊಳೆತ ಭಾಗದಲ್ಲಿಟ್ಟರೆ ಲಿಪಿಡ್ (ಕೊಬ್ಬು) ಬಿಟ್ಟು ಬೇರೇನೂ ಸಿಗದು. ಗೆಡ್ಡೆ ಜೀವಂತವಾಗಿರುವುದು ಅಂಚಿನ ಗಟ್ಟಿ ಭಾಗದಲ್ಲಿ, ಇಡಬೇಕಾದ್ದೂ ಅಲ್ಲೇ. ಬುರುಡೆಗೆ ತೀರಾ ಹತ್ತಿರವಾದರೆ ನೆತ್ತಿಚರ್ಮದ ಕೊಬ್ಬು ಗ್ರಾಫಿಗೆ ನುಗ್ಗಿ 1.3ರ ಲ್ಯಾಕ್ಟೇಟನ್ನು ನುಂಗಿಹಾಕುತ್ತದೆ. ಅದನ್ನು ತಡೆಯಲು ಚೌಕದ ಸುತ್ತ ಸಂಜ್ಞೆ ಅಳಿಸುವ ಪಟ್ಟಿಗಳನ್ನು ಒಂದೊಂದಾಗಿ ಕೈಯಾರೆ ಕೂರಿಸಬೇಕು. ರೋಗಿಗಳ ಸಾಲು ಉದ್ದವಿದ್ದ ದಿನ ಮೊದಲು ಬಿಟ್ಟುಹೋಗುವುದು ಇದೇ ಹೆಜ್ಜೆ.

ಮುಂದಿನದು ಶಿಮ್ಮಿಂಗ್, ಅಂದರೆ ಆ ಘನದೊಳಗೆ ಕಾಂತಕ್ಷೇತ್ರವನ್ನು ಸಮ ಮಾಡುವುದು. 3 ಟೆಸ್ಲಾ (ಕಾಂತಬಲದ ಅಳತೆ) ಯಂತ್ರದಲ್ಲಿ ನೀರಿನ ಶಿಖರದ ಅಗಲ ಸುಮಾರು 13 ಹರ್ಟ್ಸ್‌ಗಿಂತ ಕಡಿಮೆ ಇರಬೇಕು. 25–30ಕ್ಕೆ ಹೋದರೆ ಕೋಲೀನ್, ಕ್ರಿಯಾಟಿನ್ ಒಂದಕ್ಕೊಂದು ಅಂಟಿ ಒಂದೇ ದಿಬ್ಬವಾಗುತ್ತವೆ. ಆಗಲೂ ಸಾಫ್ಟ್‌ವೇರ್ ಸುಮ್ಮನಿರುವುದಿಲ್ಲ, ಕೋಲೀನ್-ಕ್ರಿಯಾಟಿನ್ ಅನುಪಾತ ಲೆಕ್ಕ ಹಾಕಿ 2.7 ಎಂದೋ 3.1 ಎಂದೋ ಅಚ್ಚು ಹಾಕಿ ಕೊಡುತ್ತದೆ. ಆ ಅಂಕಿಗೆ ಬೆಲೆಯಿಲ್ಲ. ಹಳೆಯ ರಕ್ತಸ್ರಾವ, ಸುಣ್ಣ ಕಟ್ಟಿದ ಗೆಡ್ಡೆ, ಆಪರೇಷನ್ನಿನ ಲೋಹದ ಕ್ಲಿಪ್, ಹಣೆಯ ಹಿಂದಿನ ಗಾಳಿಗೂಡು ಇವೆಲ್ಲ ಕಾಂತಕ್ಷೇತ್ರ ಕೆಡಿಸುತ್ತವೆ. ಅಂಥ ಕಡೆ ಎಷ್ಟು ಹೆಣಗಿದರೂ ಒಳ್ಳೆಯ ಗ್ರಾಫ್ ಸಿಗದಿರಬಹುದು.

ಎಕೋ ಟೈಮ್, ಅಂದರೆ ರೇಡಿಯೋ ಪಲ್ಸ್ ಕೊಟ್ಟ ಮೇಲೆ ಸಂಜ್ಞೆ ಹಿಡಿಯುವವರೆಗಿನ ಕಾಲ, ತಿಳಿಯದೆ ಯಾವ ಗ್ರಾಫನ್ನೂ ಓದಬಾರದು. 30 ಮಿಲಿಸೆಕೆಂಡಿನಲ್ಲಿ ತೆಗೆದರೆ ಮಯೋ-ಇನೋಸಿಟಾಲ್, ಗ್ಲುಟಮೇಟ್, ಲಿಪಿಡ್ ಎಲ್ಲವೂ ಸೇರಿ ಗ್ರಾಫ್ ತುಂಬಿಕೊಳ್ಳುತ್ತದೆ. 144ರಲ್ಲಿ ಅವು ಬಹುಪಾಲು ಕರಗಿ, ಲ್ಯಾಕ್ಟೇಟಿನ ಜೋಡಿಶಿಖರ ತಲೆಕೆಳಗಾಗುತ್ತದೆ; ಲಿಪಿಡ್ ತಲೆಕೆಳಗಾಗದು, ಎರಡನ್ನೂ ಬೇರೆ ಮಾಡುವುದು ಹೀಗೆ. ಆದರೆ 3 ಟೆಸ್ಲಾದಲ್ಲಿ ಒಂದು ಬಲೆಯಿದೆ. ಕೋಲೀನ್ ಮತ್ತು ಲ್ಯಾಕ್ಟೇಟ್ ನಡುವೆ ಸುಮಾರು 240 ಹರ್ಟ್ಸ್ ಅಂತರ. ಪಲ್ಸಿನ ಪಟ್ಟಿಯಗಲ 1200 ಹರ್ಟ್ಸ್ ಇದ್ದರೆ 2 ಸೆಂಟಿಮೀಟರ್ ಘನದಲ್ಲಿ ಎರಡನ್ನೂ ಅಳೆಯುವ ಜಾಗಗಳು ಒಂದರಿಂದೊಂದು 4 ಮಿಲಿಮೀಟರ್ ಸರಿಯುತ್ತವೆ. ಕೋಲೀನ್ ಒಂದು ಜಾಗದ್ದು, ಲ್ಯಾಕ್ಟೇಟ್ ಅದರ ಪಕ್ಕದ್ದು. ಅಷ್ಟೇ ಅಲ್ಲ, ಇದೇ ಸರಿತದಿಂದ 144ರಲ್ಲಿ ಲ್ಯಾಕ್ಟೇಟಿನ ಒಂದು ಪಾಲು ತಲೆಕೆಳಗಾಗದೆ ಉಳಿದು ಇನ್ನೊಂದು ಪಾಲನ್ನು ಅಳಿಸಿಹಾಕುತ್ತದೆ. ಲ್ಯಾಕ್ಟೇಟ್ ಇದ್ದರೂ ಇಲ್ಲ ಎಂದು ರಿಪೋರ್ಟ್ ಹೋಗುವುದು ಹೀಗೆ. ಅನುಮಾನವಿದ್ದರೆ 288ರಲ್ಲಿ ಇನ್ನೊಮ್ಮೆ ತೆಗೆಯಬೇಕು, ಅಲ್ಲಿ ಅದು ನೇರವಾಗಿ ನಿಲ್ಲುತ್ತದೆ.

ನಮ್ಮ ನಾಡಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಡೈ ಕೊಟ್ಟಾಗ ಮಿದುಳಿನಲ್ಲಿ ಉಂಗುರದಂತೆ ಹೊಳೆಯುವುದೆಲ್ಲ ಗೆಡ್ಡೆಯಲ್ಲ. ಕ್ಷಯದ ಗಂಟು, ಲಾಡಿಹುಳುವಿನ ಮರಿಚೀಲ, ಕೀವುಗುಳ್ಳೆ ಎಲ್ಲವೂ ಹಾಗೆಯೇ ಕಾಣುತ್ತವೆ. ಕೀವುಗುಳ್ಳೆಯಲ್ಲಿ 0.9 ಪಿಪಿಎಂ ಬಳಿ ಅಮೈನೋ ಆಮ್ಲಗಳು ಸಿಗುತ್ತವೆ, 144ರಲ್ಲಿ ಅವೂ ತಲೆಕೆಳಗಾಗುತ್ತವೆ. ಆಮ್ಲಜನಕ ಬೇಡದ ಬ್ಯಾಕ್ಟೀರಿಯಾ ಇದ್ದರೆ 1.9ರಲ್ಲಿ ಅಸಿಟೇಟ್, 2.4ರಲ್ಲಿ ಸಕ್ಸಿನೇಟ್ ಸೇರುತ್ತವೆ. ಕ್ಷಯದ ಗಂಟಿನಲ್ಲಿ ಎದ್ದು ಕಾಣುವುದು ಲಿಪಿಡ್. ಆದರೆ ಅತಿ ಉಗ್ರ ಗ್ಲಯೋಮಾ ಆದ ಗ್ಲಯೋಬ್ಲಾಸ್ಟೋಮಾ ಕೊಳೆತಾಗಲೂ ಲಿಪಿಡ್ಡೇ ಎದ್ದು ಕಾಣುವುದು. ಕೋಲೀನಿನ ಕಥೆಯೂ ಇಷ್ಟೇ: ನರಗಳ ಮಯಲಿನ್ ಪೊರೆ ಕಳಚುವ ಕಾಯಿಲೆಯಲ್ಲೂ ಅದು ಏರುತ್ತದೆ, ಎಳೆಯ ಮಗುವಿನ ಆರೋಗ್ಯವಂತ ಮಿದುಳಿನಲ್ಲೂ ಕೋಲೀನ್ ಮೇಲೆ, ಎನ್‌ಎಎ ಕೆಳಗೆ ಇರುತ್ತದೆ. ವಯಸ್ಸು ನೋಡದೆ ಗ್ರಾಫ್ ಓದಿದರೆ ಕಂದನ ತಲೆಗೆ ಇಲ್ಲದ ಗೆಡ್ಡೆ ಅಂಟಿಸಿದಂತಾಗುತ್ತದೆ.

ಗೆಡ್ಡೆಯ ಜೀನಿನ ಸುಳಿವನ್ನೂ ಸ್ಕ್ಯಾನ್ ಕೊಡಬಲ್ಲದು ಎಂಬುದು ನಿಜ, ಈ ಕ್ಷೇತ್ರದ ದೊಡ್ಡ ಗಳಿಕೆಯೂ ಅದೇ. ಕೆಲವು ಗ್ಲಯೋಮಾಗಳಲ್ಲಿ ಐಡಿಎಚ್ ಎಂಬ ಕಿಣ್ವದ ಜೀನ್ ಕೆಟ್ಟಿರುತ್ತದೆ ಎಂದು 2008ರಲ್ಲಿ ಗೊತ್ತಾಯಿತು. ಕೆಟ್ಟ ಕಿಣ್ವ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ರಾಸಾಯನಿಕವನ್ನು ರಾಶಿ ಹಾಕುತ್ತದೆ ಎಂಬುದು 2009ರಲ್ಲಿ ತಿಳಿಯಿತು. 2012ರಲ್ಲಿ ಅದನ್ನು ರೋಗಿಗಳ ತಲೆಯೊಳಗೇ ಸ್ಪೆಕ್ಟ್ರೋಸ್ಕೋಪಿಯಿಂದ ಅಳೆದು ತೋರಿಸಿದರು. 3 ಟೆಸ್ಲಾದಲ್ಲಿ 97 ಮಿಲಿಸೆಕೆಂಡ್ ಎಕೋ ಟೈಮ್ ಇದಕ್ಕೆ ಹೊಂದುತ್ತದೆ. ತೊಡಕೆಂದರೆ ಇದರ ಮುಖ್ಯ ಶಿಖರ 2.25ರಲ್ಲಿ, ಗ್ಲುಟಮೇಟ್ ಮತ್ತು ಗ್ಲುಟಮಿನ್‌ಗಳ ಮಗ್ಗುಲಲ್ಲೇ. ಮಾಮೂಲಿ ಸೆಟ್ಟಿಂಗಿನಲ್ಲಿ ತೆಗೆದ ಗ್ರಾಫಿನಲ್ಲಿ ಅದನ್ನು ಕಣ್ಣಳತೆಯಿಂದ ಹುಡುಕುವುದು ಅಪಾಯ. ಗೆಡ್ಡೆ ಚಿಕ್ಕದಿದ್ದರೆ, ಕೋಶಗಳು ವಿರಳವಾಗಿದ್ದರೆ ಇದ್ದರೂ ಸಿಗದು. ಐಡಿಎಚ್ ಕೆಟ್ಟ ಗ್ಲಯೋಮಾಗೆಂದು 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ವೊರಾಸಿಡೆನಿಬ್ ಮಾತ್ರೆಯನ್ನು ಕೊಡಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ಅಂಗಾಂಶದ ಪರೀಕ್ಷೆಯಿಂದಲೇ. ಸ್ಕ್ಯಾನಿನಲ್ಲಿ ಕಾಣಲಿಲ್ಲ ಎಂದು ಬಯಾಪ್ಸಿ ಮುಂದೂಡಿದರೆ ಕಳೆದುಹೋಗುವುದು ರೋಗಿಯ ಸಮಯ.

ವಿಕಿರಣ ಸೂಸುವ ವಸ್ತುವನ್ನು ದೇಹಕ್ಕೆ ಕೊಟ್ಟು ಅದು ಎಲ್ಲಿ ಸೇರುತ್ತದೆ ಎಂದು ನೋಡುವ ಪೆಟ್ ಸ್ಕ್ಯಾನ್ ಇನ್ನೊಂದು ದಾರಿ. ಎಲ್ಲೆಡೆ ಬಳಕೆಯಲ್ಲಿರುವುದು ಎಫ್‌ಡಿಜಿ, ಅಂದರೆ ವಿಕಿರಣದ ಗುರುತು ಹಚ್ಚಿದ ಗ್ಲೂಕೋಸ್. ಮಿದುಳಿನ ಬೂದು ಭಾಗಕ್ಕೆ ಗ್ಲೂಕೋಸೇ ಆಹಾರವಾದ್ದರಿಂದ ಅದು ಎಲ್ಲ ಕಡೆ ಹೊಳೆಯುತ್ತದೆ, ನಿಧಾನವಾಗಿ ಬೆಳೆಯುವ ಗೆಡ್ಡೆ ಆ ಬೆಳಕಿನಲ್ಲಿ ಮುಚ್ಚಿಹೋಗುತ್ತದೆ. ಅದಕ್ಕೇ ಮಿದುಳಿನ ಗೆಡ್ಡೆಗೆ ಅಮೈನೋ ಆಮ್ಲದ ಪೆಟ್ ಮೇಲು. ಆರೋಗ್ಯವಂತ ಮಿದುಳು ಅದನ್ನು ಅಷ್ಟಾಗಿ ಹೀರುವುದಿಲ್ಲ. ಇಲ್ಲಿ ಅಡ್ಡಿಯಾಗುವುದು ಗಡಿಯಾರ. ಮೆಥಿಯೋನಿನ್ ಎಂಬ ಅಮೈನೋ ಆಮ್ಲಕ್ಕೆ ಹಚ್ಚುವ ಕಾರ್ಬನ್-11 ಪ್ರತಿ 20 ನಿಮಿಷಕ್ಕೆ ಅರ್ಧವಾಗುತ್ತದೆ. ಬೆಂಗಳೂರಿನಲ್ಲಿ ತಯಾರಿಸಿ ಮೈಸೂರಿಗೆ 3 ಗಂಟೆಯಲ್ಲಿ ಮುಟ್ಟಿಸಿದರೆ ಉಳಿಯುವುದು 512ರಲ್ಲಿ ಒಂದು ಪಾಲು. ಫ್ಲೋರಿನ್-18 ಹಚ್ಚಿದ ಎಫ್‌ಇಟಿ ಅಥವಾ ಎಫ್-ಡೋಪಾ ಎಂಬ ಅಮೈನೋ ಆಮ್ಲಗಳ ಅರ್ಧಾಯುಷ್ಯ 110 ನಿಮಿಷ, ಅದೇ ದಾರಿಯಲ್ಲಿ ಮೂರನೇ ಒಂದು ಪಾಲು ಉಳಿಯುತ್ತದೆ. ಈ ವಿಕಿರಣ ವಸ್ತು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಇಲ್ಲದ ಊರಿನವರಿಗೆ ದಕ್ಕುವುದು ಈ ಎರಡನೆಯದು.

ಇವೆಲ್ಲ ನಿಜವಾಗಿ ಕೆಲಸಕ್ಕೆ ಬರುವುದು ಚಿಕಿತ್ಸೆ ಮುಗಿದ ಮೇಲೆ. ಗ್ಲಯೋಬ್ಲಾಸ್ಟೋಮಾಗೆ ಸಾಮಾನ್ಯವಾಗಿ ಆರು ವಾರಗಳಲ್ಲಿ 30 ಕಂತಿನಲ್ಲಿ 60 ಗ್ರೇ (ವಿಕಿರಣದ ಅಳತೆ) ವಿಕಿರಣ, ಜೊತೆಗೆ ಟೆಮೊಜೊಲೊಮೈಡ್ ಎಂಬ ಕ್ಯಾನ್ಸರ್ ಔಷಧಿ ಕೊಡುತ್ತಾರೆ. ಆಮೇಲಿನ ಮೊದಲ ಮೂರು ತಿಂಗಳಲ್ಲಿ ಡೈ ಹೊಳೆಯುವ ಜಾಗ ದೊಡ್ಡದಾದರೆ ಅದು ಗೆಡ್ಡೆಯೇ ಬೆಳೆದದ್ದಿರಬಹುದು, ಅಥವಾ ಚಿಕಿತ್ಸೆಯ ಉರಿಯಿಂದ ರಕ್ತನಾಳ ಸೋರಿದ್ದಿರಬಹುದು. ಡೈ ಎರಡನ್ನೂ ಒಂದೇ ತರಹ ತೋರಿಸುತ್ತದೆ. ಕೋಲೀನ್ ಏರಿದೆಯೇ, ಎಲ್ಲವೂ ಇಳಿದು ಲಿಪಿಡ್ ಮಾತ್ರ ಉಳಿದಿದೆಯೇ, ಅಮೈನೋ ಆಮ್ಲ ಹೀರುತ್ತಿದೆಯೇ ಎಂದು ನೋಡಿದರೆ ಕೆಲಸ ಮಾಡುತ್ತಿರುವ ಔಷಧಿಯನ್ನು ಸುಮ್ಮನೆ ನಿಲ್ಲಿಸುವುದು ತಪ್ಪುತ್ತದೆ. ಒಂದೇ ಘನದೊಳಗೆ ಸತ್ತ ಅಂಗಾಂಶವೂ ಜೀವಂತ ಗೆಡ್ಡೆಯೂ ಬೆರೆತಿರುವುದೇ ಹೆಚ್ಚು, ಆದ್ದರಿಂದ ಒಂದು ಸಲದ ಅಂಕಿಗಿಂತ ಎರಡು ಸಲದ ಹೋಲಿಕೆಗೆ ಬೆಲೆ.

ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಭಾರಜಲಜನಕ (ಡ್ಯುಟೀರಿಯಂ) ಹಚ್ಚಿದ ಗ್ಲೂಕೋಸನ್ನು ಕಿಲೋ ತೂಕಕ್ಕೆ 0.75 ಗ್ರಾಂನಂತೆ ನೀರಲ್ಲಿ ಕಲಸಿ ಕುಡಿಸಿ, ಅದು ಗೆಡ್ಡೆಯಲ್ಲಿ ಲ್ಯಾಕ್ಟೇಟ್ ಆಗುವುದನ್ನು ಚಿತ್ರವಾಗಿಯೇ ಹಿಡಿದರು. ಇದರಲ್ಲಿ ವಿಕಿರಣವಿಲ್ಲ. ನಮಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ, ಆದರೆ ಸದ್ಯಕ್ಕೆ ಇದು ಸಂಶೋಧನೆಯ ಮಾತು.

ರೇಡಿಯಾಲಜಿ ಬಂಧುಗಳಲ್ಲಿ ನಮ್ಮ ಕೋರಿಕೆ: ರಿಪೋರ್ಟಿನಲ್ಲಿ ಅನುಪಾತದ ಜೊತೆಗೆ ಘನ ಎಲ್ಲಿತ್ತು ಎಂಬ ಮೂರು ಕೋನದ ಚಿತ್ರ, ಅದರ ಗಾತ್ರ, ಎಕೋ ಟೈಮ್, ನೀರಿನ ಶಿಖರದ ಅಗಲ, ಡೈಗೆ ಮೊದಲೋ ಆಮೇಲೋ ಎಂಬುದು ಇರಲಿ. ಎದುರು ಬದಿಯ ಆರೋಗ್ಯವಂತ ಮಿದುಳಿನದೂ ಒಂದು ಗ್ರಾಫ್ ತೆಗೆದು ಪಕ್ಕದಲ್ಲಿಡಿ. ಗ್ರಾಫ್ ಕೆಟ್ಟಿದ್ದರೆ ‘ಓದಲಾಗದು’ ಎಂದೇ ಬರೆಯಿರಿ. ಮನೆಯವರು ಮರುಸ್ಕ್ಯಾನನ್ನು ಆದಷ್ಟು ಅದೇ ಯಂತ್ರದಲ್ಲಿ ಮಾಡಿಸಲಿ, ಹಳೆಯ ಸಿಡಿಯನ್ನು ಕೈಯಲ್ಲೇ ಒಯ್ಯಲಿ. ಸಿಡಿಯಲ್ಲಿ ಹೆಚ್ಚಾಗಿ ಸಿಗುವುದು ಗ್ರಾಫಿನ ಚಿತ್ರ ಮಾತ್ರ. ಮತ್ತೆ ಲೆಕ್ಕ ಹಾಕಲು ಬೇಕಾದ ಮೂಲ ದತ್ತಾಂಶ ಯಂತ್ರದಲ್ಲೇ ಉಳಿದು, ಡಿಸ್ಕ್ ತುಂಬಿದಾಗ ಅಳಿಸಿಹೋಗುತ್ತದೆ. ಅದನ್ನೂ ಹಾಕಿಕೊಡಿ ಎಂದು ಸ್ಕ್ಯಾನ್ ಆದ ದಿನವೇ ಕೇಳಿ ಪಡೆಯಬೇಕು.

ಇತಿ,
ಎಂಆರ್‌ಐ ವಿಭಾಗದಲ್ಲಿ ಕೆಲಸ ಮಾಡುವ ಕೆಲವರು
ಬೆಂಗಳೂರು