ಮಗಳಿಗೊಂದು ಪತ್ರ: 130ನೇ ಜಾಗದ ಲೆಕ್ಕ

ಪ್ರೀತಿಯ ಮಗಳೇ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಫೋನಿನಲ್ಲಿ ಉತ್ತರ ಹೇಳಿದರೆ ಅರ್ಧಕ್ಕೇ ಬಾಯಿ ಹಾಕುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಸೆಮಿನಾರಿಗೆ ದೇಶ ದೇಶಗಳ ಬಡತನದ ವಿಷಯ ಸಿಕ್ಕಿದ್ದು ಒಳ್ಳೆಯದೇ ಆಯಿತು. ಆದರೆ ಅದೇ ನೆಪದಲ್ಲಿ ರೂಮಿನ ಹುಡುಗಿಗೆ "ನಮ್ಮ ಕೇರಳದಲ್ಲಿ ಬಡತನವೇ ಇಲ್ಲ, ನಿಮ್ಮ ಯಾದಗಿರಿ ನೋಡು" ಅಂದೆಯಲ್ಲ, ಅದು ಬೇಕಿತ್ತಾ? ಅವಳು ಮುಖ ತಿರುಗಿಸದೆ ಇನ್ನೇನು ಮಾಡುತ್ತಾಳೆ?

ಮೊದಲು ನೀನು ಕಳಿಸಿದ ಪಟ್ಟಿ. ಅದು ವಿಶ್ವಸಂಸ್ಥೆಯ ಅಭಿವೃದ್ಧಿ ವಿಭಾಗವಾದ ಯುಎನ್‌ಡಿಪಿಯವರ 2025ರ ವರದಿಯ ಮಾನವ ಅಭಿವೃದ್ಧಿ ಸೂಚ್ಯಂಕ, ಸೊನ್ನೆಯಿಂದ ಒಂದರೊಳಗಿನ ಅಂಕ. ಒಟ್ಟು 193 ದೇಶ. ತುದಿಯಲ್ಲಿ ಐಸ್‌ಲ್ಯಾಂಡ್, 0.972. ಬುಡದಲ್ಲಿ ದಕ್ಷಿಣ ಸುಡಾನ್, 0.388. ನಾವು ಭಾರತದವರು 0.685ರಲ್ಲಿ 130ನೆಯವರು. "ನಾಚಿಕೆ ಅಲ್ವಾ ಅಮ್ಮ" ಅಂದೆ. ನಾಚಿಕೆ ಆಮೇಲೆ ಪಟ್ಟರಾಯಿತು, ಆ ಅಂಕಿ ಹೇಗೆ ಬಂತು ಅಂತ ಮೊದಲು ನೋಡು.

ಮೂರು ವಿಷಯ ಸೇರಿಸುತ್ತಾರೆ: ಆಯಸ್ಸು, ಓದು, ಆದಾಯ. ನಮ್ಮಲ್ಲಿ ಈಗ ಹುಟ್ಟುವ ಮಗು ಸರಾಸರಿ 72 ವರ್ಷ ಬದುಕೀತು ಅನ್ನುವುದು ಒಂದು ಲೆಕ್ಕ. ಓದಿನಲ್ಲಿ ಎರಡು ಅಂಕಿ ಇವೆ. ಈಗ ಶಾಲೆಗೆ ಸೇರುವ ಮಗು ಎಷ್ಟು ವರ್ಷ ಓದೀತು ಅನ್ನುವುದು ಒಂದು, ಅದು 13. ಇಪ್ಪತ್ತೈದು ದಾಟಿದವರು ಎಷ್ಟು ವರ್ಷ ಓದಿದ್ದಾರೆ ಅನ್ನುವುದು ಇನ್ನೊಂದು, ಅದು ಬರೀ 6.9. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತ ನಿನ್ನ ಅಜ್ಜಿಯಂಥವರೂ ಅದರೊಳಗೆ ಇದ್ದಾರೆ. ಮಕ್ಕಳನ್ನು ಶಾಲೆಗೆ ಸೇರಿಸಿದರೆ 13 ಬೇಗ ಏರುತ್ತದೆ. 6.9 ಏರಬೇಕಾದರೆ ಒಂದು ತಲೆಮಾರೇ ಹೋಗಬೇಕು. ನಮ್ಮ ದೇಶ ಅಲ್ಲಿರುವುದಕ್ಕೆ ಇವತ್ತಿನ ಸರಕಾರದ ಜೊತೆ ಅಜ್ಜಿಯ ಕಾಲದ ಸರಕಾರವೂ ಕಾರಣ.

ಆದಾಯದ ವಿಷಯದಲ್ಲಿ ಇವರು ಒಂದು ಜಾಣತನ ಮಾಡಿದ್ದಾರೆ. ಡಾಲರನ್ನು ನೇರ ಎಣಿಸುವುದಿಲ್ಲ, ಲಾಗರಿದಮ್ ಹಾಕುತ್ತಾರೆ. ಬಡವರ ಕೈಗೆ ಬರುವ ನೂರು ರೂಪಾಯಿಗೂ ಸಾಹುಕಾರರ ಕೈಗೆ ಬರುವ ನೂರು ರೂಪಾಯಿಗೂ ಬೆಲೆ ಬೇರೆ ಅಂತ ಅದರ ಅರ್ಥ. ದೇಶದ ತಲಾ ಆದಾಯ ವರ್ಷಕ್ಕೆ 75,000 ಡಾಲರ್ ದಾಟಿದ ಮೇಲಂತೂ ಎಷ್ಟು ದುಡಿದರೂ ಅಂಕ ಇಲ್ಲ. 1990ರಲ್ಲಿ ಇದನ್ನು ಶುರು ಮಾಡಿದವರು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್. ಜೊತೆಗೆ ಅಮರ್ತ್ಯ ಸೇನ್ ಇದ್ದರು. ಇಷ್ಟು ದೊಡ್ಡ ಬದುಕನ್ನು ಒಂದೇ ಅಂಕಿಗೆ ಇಳಿಸುವುದು ಸೇನರಿಗೆ ಮೊದಲು ಇಷ್ಟ ಇರಲಿಲ್ಲ. ಜಿಡಿಪಿ ಎಂಬ ಒಂದು ಅಂಕಿಯನ್ನು ಬದಿಗೆ ಸರಿಸಬೇಕಾದರೆ ಅಷ್ಟೇ ಸುಲಭದ ಇನ್ನೊಂದು ಅಂಕಿ ಬೇಕು ಅಂತ ಹಕ್ ಸೇನರನ್ನು ಒಪ್ಪಿಸಿದರು. ನನಗೂ ಸೇನರ ಅನುಮಾನವೇ ಸರಿ ಕಾಣುತ್ತದೆ. ಆದರೆ ಹಕ್ ಹೇಳಿದ ಹಾಗೆಯೇ ಆಯಿತು ನೋಡು, ನೀನೂ ಮೊದಲು ನೋಡಿದ್ದು ರ‍್ಯಾಂಕನ್ನೇ.

ಸೆಮಿನಾರಿನಲ್ಲಿ ಶ್ರೀಲಂಕಾವನ್ನು ಬಿಡಬೇಡ. 2022ರಲ್ಲಿ ಸಾಲ ತೀರಿಸಲಾಗದೆ ಕೈಯೆತ್ತಿದ ದೇಶ. ಪೆಟ್ರೋಲಿಗೆ, ಗ್ಯಾಸಿಗೆ ಜನ ಕ್ಯೂ ನಿಂತದ್ದನ್ನು ಟಿವಿಯಲ್ಲಿ ನಾವೇ ನೋಡಿದ್ದೇವೆ. ಅಷ್ಟಾದರೂ ಪಟ್ಟಿಯಲ್ಲಿ 89ನೇ ಜಾಗ. 1940ರ ದಶಕದಲ್ಲೇ ಅಲ್ಲಿ ಶಿಕ್ಷಣ ಉಚಿತ ಮಾಡಿದ್ದರು. ಕೋಸ್ಟರಿಕಾವೂ ಹಾಗೆಯೇ. 1948ರಲ್ಲಿ ಸೈನ್ಯವನ್ನೇ ತೆಗೆದುಹಾಕಿದ ಪುಟ್ಟ ದೇಶ. ತಲಾ ಆದಾಯ ಅಮೆರಿಕದ ಅರ್ಧವೂ ಇಲ್ಲ, ಆದರೆ ಜನರ ಆಯಸ್ಸು ಅಮೆರಿಕದವರಿಗಿಂತ ಜಾಸ್ತಿ.

ಇನ್ನು ಬಡತನ. ಇಲ್ಲಿ ನೀನು ಮೂರು ಅಂಕಿ ಕಲಸಿ ಹಾಕಿದ್ದೀ. ವಿಶ್ವಬ್ಯಾಂಕಿನವರದ್ದು ಹಣದ ಗೆರೆ. ದಿನಕ್ಕೆ 2.15 ಡಾಲರ್ ಇದ್ದದ್ದನ್ನು 2025ರ ಜೂನಿನಲ್ಲಿ 3 ಡಾಲರ್ ಮಾಡಿದರು. ಅದನ್ನು ಬ್ಯಾಂಕಿನ ವಿನಿಮಯ ದರದಲ್ಲಿ ಗುಣಿಸಬೇಡ. ಅದು ಕೊಳ್ಳುವ ಶಕ್ತಿಯ ಡಾಲರ್. ನಮ್ಮಲ್ಲಿ 2021ರ ಬೆಲೆಗೆ ಅರವತ್ತು ರೂಪಾಯಿ ಆಸುಪಾಸು ಅಷ್ಟೇ. ಆ ಗೆರೆಯ ಕೆಳಗಿದ್ದವರು 2011-12ರಲ್ಲಿ 27.1 ಶೇಕಡಾ, 2022-23ರಲ್ಲಿ 5.3. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರೂ ಯುಎನ್‌ಡಿಪಿಯವರೂ ಸೇರಿ ಮಾಡುವ ಲೆಕ್ಕದಲ್ಲಿ ಹಣದ ಮಾತೇ ಇಲ್ಲ. ಮನೆಯವರ ಪೌಷ್ಟಿಕತೆ, ಶಾಲೆ, ಕಕ್ಕಸು, ಅಡಿಗೆಯ ಉರುವಲು, ಕರೆಂಟು, ಹೀಗೆ ಹತ್ತು ವಿಷಯ ನೋಡುತ್ತಾರೆ. ತೂಕ ಹಾಕಿದಾಗ ಮೂರರಲ್ಲಿ ಒಂದು ಪಾಲು ಇಲ್ಲದಿದ್ದರೆ ಆ ಮನೆ ಬಡ ಮನೆ. ಅದರಲ್ಲಿ 2019-21ಕ್ಕೆ ಭಾರತ 16.4 ಶೇಕಡಾ. ನೀತಿ ಆಯೋಗದವರು ಅದಕ್ಕೆ ಗರ್ಭಿಣಿಯರ ಆರೈಕೆ ಮತ್ತು ಬ್ಯಾಂಕ್ ಖಾತೆ ಸೇರಿಸಿ ಹನ್ನೆರಡು ಮಾಡಿದರು. ಅವರ ಲೆಕ್ಕ 14.96. ಮೂರೂ ಸುಳ್ಳಲ್ಲ, ಕೇಳಿದ ಪ್ರಶ್ನೆ ಬೇರೆ ಬೇರೆ.

ನೀನು ಜಂಬ ಕೊಚ್ಚಿದ್ದು ಈ ನೀತಿ ಆಯೋಗದ ಪಟ್ಟಿ ಇಟ್ಟುಕೊಂಡು. ಬಡವರು ಕೇರಳದಲ್ಲಿ ಶೇಕಡಾ 0.55, ಕರ್ನಾಟಕದಲ್ಲಿ 7.58, ಬಿಹಾರದಲ್ಲಿ 33.76. ಮೇಲಿಂದ 2025ರ ನವೆಂಬರ್ 1ಕ್ಕೆ ಕೇರಳ ಅತಿ ಬಡತನದಿಂದ ಮುಕ್ತ ಅಂತ ಸರಕಾರ ಘೋಷಣೆಯನ್ನೂ ಮಾಡಿತು. ಗುರುತಿಸಿದ್ದು 64,006 ಕುಟುಂಬ. ಕೆಲಸ ಆಗಿದೆ, ಇಲ್ಲ ಅನ್ನುವುದಿಲ್ಲ. ಅಂಗನವಾಡಿಯಲ್ಲಿ ತಿಂಗಳು ತಿಂಗಳು ಮಕ್ಕಳನ್ನು ತೂಗುವವಳು ನಾನು. ಕೂತಲ್ಲಿ ಕೂರದೆ ಚೀರುವ ಮಗುವನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಮುಳ್ಳು ನಿಲ್ಲುವ ತನಕ ಉಸಿರು ಹಿಡಿದು, ಚಾರ್ಟಿನಲ್ಲಿ ಚುಕ್ಕೆ ಹಾಕುವಾಗ ಗೊತ್ತಾಗುತ್ತದೆ. ಅದು ತೀರಾ ಕಡಿಮೆ ತೂಕದ ಭಾಗಕ್ಕೆ ಬೀಳುವುದು ಅಪರೂಪ. ಆ ಚಿಕ್ಕ ಮಕ್ಕಳಿಗೆ ನಾವು ಕೊಡುವ ಅಮೃತಂ ಪುಡಿಯ ಪಾಕ ಸಿದ್ಧವಾದದ್ದು ನಮ್ಮ ಕಾಸರಗೋಡಿನ ತೋಟ ಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲೇ. ಈಗ ಕುಡುಂಬಶ್ರೀ ಸ್ವಸಹಾಯ ಸಂಘಗಳ ಹೆಂಗಸರು ಇಡೀ ರಾಜ್ಯಕ್ಕೆ ಮಾಡಿ ಕೊಡುತ್ತಾರೆ.

ಆದರೆ ಇದರಲ್ಲಿ ನಿನ್ನ ಸಾಧನೆ ಏನು? ನನ್ನದೇನು? 1817ರಲ್ಲೇ ಈಗಿನ ಕೇರಳದ ದಕ್ಷಿಣದಲ್ಲಿದ್ದ ತಿರುವಾಂಕೂರಿನ ರಾಣಿ ಗೌರಿ ಪಾರ್ವತಿ ಬಾಯಿ ಶಾಲೆಯ ಖರ್ಚು ಸರಕಾರದ್ದು ಅಂತ ಆಜ್ಞೆ ಹೊರಡಿಸಿದ್ದಳು. ಆಗ ನಾವು ಆ ರಾಜ್ಯದವರೇ ಅಲ್ಲ, 1956ರವರೆಗೂ ಮದ್ರಾಸಿನ ದಕ್ಷಿಣ ಕನ್ನಡದವರು. ಕೇರಳಕ್ಕೆ ಸೇರಿದ್ದರಿಂದ ಭಾಷೆಗೆ ಬಿದ್ದ ಪೆಟ್ಟು ಒಂದು ಕಡೆ, ರೇಷನ್ ಅಂಗಡಿ, ಶಾಲೆ, ಆರೋಗ್ಯ ಕೇಂದ್ರ ಹತ್ತಿರ ಬಂದದ್ದು ಇನ್ನೊಂದು ಕಡೆ. ನಿನ್ನ ಗೆಳತಿಯ ಊರು 1948ರವರೆಗೆ ನಿಜಾಮನ ಕೈಯಲ್ಲಿತ್ತು. 2011ರ ಜನಗಣತಿಯಲ್ಲೂ ಯಾದಗಿರಿಯ ಸಾಕ್ಷರತೆ 51.83, ರಾಜ್ಯದಲ್ಲೇ ಕಡಿಮೆ. ನಮ್ಮ ಜಿಲ್ಲೆಯದ್ದು 90ರ ಆಸುಪಾಸು. ಆ ಕಡೆಯ ತಾಲೂಕುಗಳು ಎಷ್ಟು ಹಿಂದೆ ಉಳಿದಿವೆ ಅಂತ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಬರೆದು ಕೊಟ್ಟಿತ್ತು. ಅಂಥ ಊರಿನಿಂದ ಮಂಗಳೂರಿಗೆ ಬಂದು ನಿನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದಾಳೆ ಅಂದರೆ ಅವಳು ನಿನಗಿಂತ ಜಾಸ್ತಿ ದೂರ ನಡೆದಿದ್ದಾಳೆ.

0.55ರ ಒಳಗೆ ಯಾರು ಬರುವುದಿಲ್ಲ ಅಂತಲೂ ಹೇಳುತ್ತೇನೆ. ನಮ್ಮ ಗುಡ್ಡೆಯಾಚೆಯ ಮನೆ ನಿನಗೆ ಗೊತ್ತುಂಟು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲದಲ್ಲಿ ಹುಟ್ಟಿದ ಹುಡುಗ, ಈಗ ದೊಡ್ಡವನು. ಮಲಗಿದಲ್ಲೇ ಎಲ್ಲ. ಅವನ ಅಮ್ಮ ಮೊದಲು ಅಡಿಕೆ ಸುಲಿಯಲು ಹೋಗುತ್ತಿದ್ದರು, ಈಗ ಅಂಗಳ ದಾಟುವುದಿಲ್ಲ. ಮಗ್ಗುಲು ಬದಲಿಸಬೇಕು, ಗಂಜಿಯನ್ನು ಅರೆದು ಚಮಚದಲ್ಲಿ ಕುಡಿಸಬೇಕು. ಆ ಮನೆಯನ್ನು ಆಕ್ಸ್‌ಫರ್ಡಿನ ಹತ್ತು ಪ್ರಶ್ನೆಗೆ ನಾನು ಸುಮ್ನೆ ಹಿಡಿದು ನೋಡಿದೆ. ಕರೆಂಟು ಉಂಟು, ಗ್ಯಾಸ್ ಉಂಟು, ಕಕ್ಕಸು, ಬಾವಿ, ತಾರಸಿ ಮನೆ ಉಂಟು. ತಂಗಿ ಹತ್ತನೇ ಕ್ಲಾಸ್ ಪಾಸು. ಪೌಷ್ಟಿಕತೆ ಒಂದರಲ್ಲಿ ಗೀಟು ಬಿದ್ದೀತು. ಅದರ ತೂಕ ಆರರಲ್ಲಿ ಒಂದು ಪಾಲು, ಗೆರೆ ದಾಟಲು ಸಾಲದು. ಲೆಕ್ಕದ ಪ್ರಕಾರ ಅವರು ಬಡವರಲ್ಲ. ಸಂತ್ರಸ್ತರಿಗೆ ಐದೈದು ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು, 2022ರಲ್ಲಿ ಅದೇ ಕೋರ್ಟ್ ಇನ್ನೂ ಯಾಕೆ ಕೊಟ್ಟಿಲ್ಲ ಅಂತ ಗದರಬೇಕಾಯಿತು.

ಮತ್ತೆ ನಮ್ಮ ಮೂಲೆಮನೆ ಅಜ್ಜಿ. ಕನ್ನಡ ಪೇಪರು ಮೊದಲಿಂದ ಕೊನೆತನಕ ಓದುವವರು. ಪಿಂಚಣಿಯ ಬಗ್ಗೆ ಮಲಯಾಳದಲ್ಲಿ ಕಾಗದ ಬಂದರೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಜನಗಣತಿಯಲ್ಲಿ ಅವರು ಸಾಕ್ಷರರು.

ಇದನ್ನೆಲ್ಲ ಸೆಮಿನಾರಿನಲ್ಲಿ ಹೇಳಬೇಕಂತಿಲ್ಲ. ಆದರೆ ಎರಡು ಕೆಲಸ ಮಾಡು. ಹಳೆಯ ವರದಿಯ ರ‍್ಯಾಂಕನ್ನು ಹೊಸದರ ಪಕ್ಕ ಇಟ್ಟು ಏರಿತು, ಇಳಿಯಿತು ಅನ್ನಬೇಡ. ಹಿಂದಿನ ವರ್ಷಗಳ ಅಂಕಿಯನ್ನೂ ಪ್ರತಿ ಸಲ ತಿದ್ದುತ್ತಾರೆ. ಒಂದೇ ವರದಿಯ ಕೊನೆಯಲ್ಲಿ 1990ರಿಂದ ಈಚಿನ ಪಟ್ಟಿ ಇರುತ್ತದೆ, ಅದನ್ನೇ ಹಿಡಿ. ಎರಡನೆಯದು, ಅಸಮಾನತೆ ಕಳೆದ ಮೇಲಿನ ಅಂಕಿ ತೋರಿಸು. ಭಾರತದ ಅಂಕ ಅಲ್ಲಿ ಶೇಕಡಾ 30.7ರಷ್ಟು ಜಾರುತ್ತದೆ. ಮೇಷ್ಟ್ರು ಕೇಳಿಯೇ ಕೇಳುತ್ತಾರೆ.

ಆ ಹುಡುಗಿಯ ಹತ್ತಿರ ಹೋಗಿ ಮಾತಾಡು. ರಜೆಗೆ ಅವಳನ್ನೂ ಕರೆದುಕೊಂಡು ಬಾ. ಜೋಳದ ರೊಟ್ಟಿ ನನಗೆ ಬಾರದು, ಅವಳಿಗೆ ಬಂದರೆ ಕಲಿಸಲಿ, ಹಿಟ್ಟು ನೀವೇ ತನ್ನಿ. ನಿನ್ನ ಅಪ್ಪ ಫೀಸಿನ ದುಡ್ಡು ಸೋಮವಾರ ಹಾಕುತ್ತಾರಂತೆ, ರಶೀದಿ ತೆಗೆದಿಡು.

ನಿನ್ನ ಅಮ್ಮ