ಫಾರ್ಮಸಿ ವಿದ್ಯಾರ್ಥಿಗಳ ಪೋಷಕರಿಗೆ ಪ್ರಾಂಶುಪಾಲರ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಗೌರಿ-ಗಣೇಶ ಹಬ್ಬಕ್ಕೆಂದು ಊರಿಗೆ ಬಂದಿದ್ದ ನಿಮ್ಮ ಮಕ್ಕಳು ಚಕ್ಕುಲಿ, ಕಡುಬಿನ ಡಬ್ಬಿಗಳೊಂದಿಗೆ ಹಾಸ್ಟೆಲಿಗೆ ಮರಳಿದ್ದಾರೆ. ಬಿ.ಫಾರ್ಮ್ ಮೂರು, ಐದು ಮತ್ತು ಏಳನೆಯ ಸೆಮಿಸ್ಟರುಗಳ ತರಗತಿಗಳೂ ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) ವಿದ್ಯಾರ್ಥಿಗಳ ಆಸ್ಪತ್ರೆ ವಾರ್ಡಿನ ಕಲಿಕೆಯೂ ಮತ್ತೆ ಕ್ರಮಕ್ಕೆ ಬಂದಿವೆ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚಿಕೆಯ ಸುತ್ತುಗಳು ಮುಗಿದಂತೆಲ್ಲ ಮೊದಲ ವರ್ಷದ ಮಕ್ಕಳೂ ಬಂದು ಸೇರುತ್ತಿದ್ದಾರೆ. ಕಳೆದ ತಿಂಗಳುಗಳಲ್ಲಿ ಕಾಲೇಜಿನಲ್ಲಿ ಏನು ನಡೆಯಿತು, ಮುಂದಿನ ತಿಂಗಳುಗಳಲ್ಲಿ ಏನು ನಡೆಯಲಿದೆ ಎಂಬುದನ್ನು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ. ನಡುವೆ ಒಂದು ವಿಷಯವನ್ನು ಮಾತ್ರ ಸ್ವಲ್ಪ ದೀರ್ಘವಾಗಿ ಬರೆದಿದ್ದೇನೆ. ಅದನ್ನು ದಯವಿಟ್ಟು ಮನೆಯಲ್ಲಿ ಎಲ್ಲರೂ ಕೂಡಿ ಓದಬೇಕೆಂದು ಕೋರುತ್ತೇನೆ.

ಮೊದಲಿಗೆ ಹೊಸದಾಗಿ ಸೇರಿದವರ ಪೋಷಕರಿಗೆ ಎರಡು ಮಾತು. ಪಿಯುಸಿಯಲ್ಲಿ ಜೀವಶಾಸ್ತ್ರ ಓದದ ಮಕ್ಕಳಿಗೆ ಮೊದಲ ಸೆಮಿಸ್ಟರಿನಲ್ಲಿ ಜೀವಶಾಸ್ತ್ರದ ಪೂರಕ ಪಾಠಗಳೂ, ಗಣಿತ ಓದದವರಿಗೆ ಗಣಿತದ ಪೂರಕ ಪಾಠಗಳೂ ಇರುತ್ತವೆ. ಇದು ಭಾರತೀಯ ಫಾರ್ಮಸಿ ಪರಿಷತ್ತಿನ ಪಠ್ಯಕ್ರಮದಲ್ಲಿಯೇ ಇರುವ ವ್ಯವಸ್ಥೆ. ನಿಮ್ಮ ಮಗ ಅಥವಾ ಮಗಳು ಹಿಂದುಳಿದಿದ್ದಾರೆಂದು ಯಾರೂ ಭಾವಿಸಬೇಕಾಗಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮೊದಲ ಎರಡು ತಿಂಗಳು ಮಂಕಾಗಿ ಕೂರುವುದನ್ನು ನಾನು ಪ್ರತಿವರ್ಷ ನೋಡುತ್ತೇನೆ. ಫೋನಿನಲ್ಲಿ ಅತ್ತರೆ ಗಾಬರಿಯಾಗಬೇಡಿ, ವಾಪಸು ಕರೆದುಕೊಂಡು ಹೋಗಲು ಬಸ್ಸು ಹತ್ತಬೇಡಿ; ಅವರ ತರಗತಿಯ ಮಾರ್ಗದರ್ಶಕ ಅಧ್ಯಾಪಕರಿಗೆ ಒಂದು ಕರೆ ಮಾಡಿ. ಸಂಜೆಯ ವೇಳೆ ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ತರಗತಿಯೊಂದನ್ನು ನಮ್ಮ ಹಿರಿಯ ವಿದ್ಯಾರ್ಥಿಗಳೇ ನಡೆಸುತ್ತಿದ್ದಾರೆ. ರ‍್ಯಾಗಿಂಗ್ ಬಗ್ಗೆ ಸಣ್ಣ ಅನುಮಾನ ಬಂದರೂ ನನಗೆ ನೇರವಾಗಿ ತಿಳಿಸಿ. ರಾಷ್ಟ್ರೀಯ ಸಹಾಯವಾಣಿ 1800-180-5522 ಕೂಡ ಹಗಲಿರುಳು ತೆರೆದಿರುತ್ತದೆ.

ಇನ್ನು ಈ ಸೆಮಿಸ್ಟರಿನ ಸುದ್ದಿಗಳು. ಐದನೆಯ ಸೆಮಿಸ್ಟರಿನವರು ತಾವೇ ಪ್ಯಾರಸಿಟಮಾಲ್ ಮಾತ್ರೆಗಳನ್ನು ತಯಾರಿಸಿ ಪರೀಕ್ಷಿಸುತ್ತಿದ್ದಾರೆ. ಕಳೆದ ವಾರ ಪ್ರಯೋಗಾಲಯಕ್ಕೆ ಹೋದಾಗ ಒಂದು ತಂಡದ ನಾಲ್ವರು ಗಡಿಯಾರ ನೋಡುತ್ತ ನಿಂತಿದ್ದರು. ಗಾಜಿನ ಆರು ಕೊಳವೆಗಳಲ್ಲಿ ಒಂದೊಂದು ಮಾತ್ರೆ. 37 ಡಿಗ್ರಿ ಬಿಸಿಯ ನೀರಿನಲ್ಲಿ ಬುಟ್ಟಿ ಮೇಲಕ್ಕೂ ಕೆಳಕ್ಕೂ ಆಡುತ್ತಿತ್ತು. ಲೇಪನವಿಲ್ಲದ ಮಾತ್ರೆ 15 ನಿಮಿಷದೊಳಗೆ ಒಡೆದು ಕರಗಿ ಕೆಳಗಿನ ಜಾಲರಿಯಿಂದ ಇಳಿದು ಹೋಗಬೇಕೆಂಬುದು ನಿಯಮ. ಇವರ ಮಾತ್ರೆಗಳು ಹದಿನೈದು ನಿಮಿಷ ಕಳೆದರೂ ಕಡಲೆಕಾಳಿನಂತೆ ಗಟ್ಟಿಯಾಗಿಯೇ ಉಳಿದಿದ್ದವು. ಹಿಂದಿನ ವಾರ ಅವೇ ಮಾತ್ರೆಗಳು ಉರುಳುವ ಡ್ರಮ್ಮಿನಲ್ಲಿ ನೂರು ಸುತ್ತು ಸುತ್ತಿಸಿದಾಗ ಅಂಚು ಉದುರಿ, ಅನುಮತಿಸಿದ ಶೇಕಡಾ 1ಕ್ಕಿಂತ ಹೆಚ್ಚು ತೂಕ ಕಳೆದುಕೊಂಡಿದ್ದವಂತೆ; ಅದನ್ನು ಸರಿಪಡಿಸಲು ಅಂಟನ್ನೂ ಒತ್ತಡವನ್ನೂ ಒಟ್ಟಿಗೇ ಹೆಚ್ಚಿಸಿದ್ದರು. ಪುಸ್ತಕದಲ್ಲಿ ಸರಿಯಾದ ಅಂಕಿಯನ್ನು ಬರೆದು ಸಹಿ ಹಾಕಿಸಿಕೊಳ್ಳುವುದು ಸುಲಭವಿತ್ತು. ಅವರು ಬಂದ ಫಲಿತಾಂಶವನ್ನೇ ಬರೆದು, ಮರುದಿನ ಬೆಳಿಗ್ಗೆ ಎಂಟಕ್ಕೆ ಬಂದು ಹೊಸದಾಗಿ ಹಿಟ್ಟು ಕಲಸಿದರು. ನನಗೆ ಆ ಬ್ಯಾಚಿನ ಬಗ್ಗೆ ಹೆಮ್ಮೆಯಿದೆ. ಗಟ್ಟಿ ಮಾತ್ರೆ ನುಂಗಿದ ರೋಗಿಗೆ ಔಷಧಿ ಹೊಟ್ಟೆಯಲ್ಲಿದ್ದೂ ರಕ್ತಕ್ಕೆ ಸೇರುವುದಿಲ್ಲ ಎಂಬುದನ್ನು ಅವರಿಗೆ ಇನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಏಳನೆಯ ಸೆಮಿಸ್ಟರಿನವರು ರಜೆಯಲ್ಲಿ ನಾಲ್ಕು ವಾರಗಳ, 150 ಗಂಟೆಗಳ ತರಬೇತಿ ಮುಗಿಸಿ ಬಂದಿದ್ದಾರೆ. ಕೆಲವರು ಪೀಣ್ಯ, ನಂಜನಗೂಡು ಕಡೆಯ ಕಾರ್ಖಾನೆಗಳಿಗೆ, ಕೆಲವರು ಆಸ್ಪತ್ರೆಗಳ ಔಷಧ ವಿಭಾಗಗಳಿಗೆ ಹೋಗಿದ್ದರು. ಒಂದು ಬ್ಯಾಚು ಮುಗಿದು ಇನ್ನೊಂದು ಶುರುವಾಗುವ ಮೊದಲು ಯಂತ್ರದ ಸಂದುಗೊಂದಿಗಳಲ್ಲಿ ಹಿಂದಿನ ಔಷಧಿಯ ಒಂದು ಮಾತ್ರೆಯಾಗಲಿ, ಒಂದು ಲೇಬಲ್ಲಾಗಲಿ ಉಳಿದಿಲ್ಲವೆಂದು ಇಬ್ಬರು ಬೇರೆ ಬೇರೆಯಾಗಿ ನೋಡಿ ಸಹಿ ಹಾಕುವುದನ್ನು ಕಂಡು ಬಂದ ಹುಡುಗಿಯೊಬ್ಬಳು, ಈಗ ನಮ್ಮ ಪ್ರಯೋಗಾಲಯದಲ್ಲಿಯೂ ಅದೇ ಕ್ರಮ ತರಬೇಕೆಂದು ಪಟ್ಟು ಹಿಡಿದಿದ್ದಾಳೆ. ತಂದಿದ್ದೇವೆ. ತರಬೇತಿಯ ವರದಿಯನ್ನು ಇನ್ನೂ ಒಪ್ಪಿಸದವರು ಈ ತಿಂಗಳ ಕೊನೆಯೊಳಗೆ ಒಪ್ಪಿಸಬೇಕು.

ಫಾರ್ಮ್.ಡಿ ವಿದ್ಯಾರ್ಥಿಗಳು ಹಳ್ಳಿಯೊಂದರಲ್ಲಿ ನಡೆಸಿದ ಔಷಧ ಮಾಹಿತಿ ಶಿಬಿರದಲ್ಲಿ ನಾನೂ ಇದ್ದೆ. ಉಬ್ಬಸದ ಹಿರಿಯರೊಬ್ಬರು, ತಿಂಗಳುಗಳಿಂದ ಔಷಧಿ ತಗೊಂಡರೂ ಗುಣ ಕಾಣುತ್ತಿಲ್ಲ ಎಂದರು. ವಿದ್ಯಾರ್ಥಿನಿ ಚೀಟಿ ನೋಡಿದ ಮೇಲೆ, "ಅಜ್ಜಾ, ಹೆಂಗ್ ತಗೋತೀರಿ, ಒಂದ್ಸಲ ನನ್ ಮುಂದೆ ಮಾಡಿ ತೋರ್ಸಿ" ಎಂದಳು. ಅವರು ಕ್ಯಾಪ್ಸೂಲನ್ನು ಬಾಯಿಗೆ ಹಾಕಿಕೊಂಡು ನೀರಿಗಾಗಿ ಕೈಚಾಚಿದರು. ಅದು ಪುಟ್ಟ ಸಾಧನದಲ್ಲಿಟ್ಟು, ಒಳಗಿನ ಪುಡಿಯನ್ನು ಉಸಿರಿನೊಂದಿಗೆ ಎಳೆದುಕೊಳ್ಳಬೇಕಾದ ಕ್ಯಾಪ್ಸೂಲು. ಸಾಧನ ಮನೆಯ ಗೂಡಿನಲ್ಲಿ, ತೆರೆಯದ ಪೆಟ್ಟಿಗೆಯಲ್ಲಿಯೇ ಇತ್ತಂತೆ. ವೈದ್ಯರ ಚೀಟಿಯಲ್ಲಿ ತಪ್ಪಿರಲಿಲ್ಲ, ಔಷಧಿಯಲ್ಲಿಯೂ ತಪ್ಪಿರಲಿಲ್ಲ; ಅದನ್ನು ಕೈಗಿತ್ತ ಕ್ಷಣದಲ್ಲಿ ಒಂದೆರಡು ನಿಮಿಷ ನಿಂತು ತೋರಿಸುವವರು ಯಾರೂ ಇರಲಿಲ್ಲ. ಊರಿನ ಮಾತಿನಲ್ಲಿ ಸಲೀಸಾಗಿ ಮಾತಾಡಬಲ್ಲ ಮಕ್ಕಳೇ ಈ ಕೆಲಸದಲ್ಲಿ ಮುಂದಿರುತ್ತಾರೆ ಎಂಬುದು ನನ್ನ ಅನುಭವ. ಇಂಗ್ಲಿಷ್ ಬರುವುದಿಲ್ಲವೆಂದು ಮೊದಲ ವರ್ಷದಲ್ಲಿ ಅತ್ತವರಲ್ಲಿ ಈ ವಿದ್ಯಾರ್ಥಿನಿಯೂ ಒಬ್ಬಳು.

ನಾನು ದೀರ್ಘವಾಗಿ ಹೇಳಬೇಕೆಂದಿದ್ದ ವಿಷಯಕ್ಕೆ ಈಗ ಬರುತ್ತೇನೆ. ಕೊನೆಯ ವರ್ಷದ ಮಕ್ಕಳಿರುವ ಮನೆಗಳಿಗೆ ಒಂದು ಬಗೆಯ ಪ್ರಸ್ತಾಪ ಬರುವುದುಂಟು. ಪರಿಚಯದ ಯಾರೋ ಒಬ್ಬರು, ಅನೇಕ ವೇಳೆ ನೆಂಟರೇ, ಬಂದು, "ನಿಮ್ಮ ಮಗನ ಸರ್ಟಿಫಿಕೇಟು ಮೆಡಿಕಲ್ ಶಾಪಿಗೆ ಕೊಡಿಸಿ, ಅವನು ಬರುವುದೇ ಬೇಡ, ಬೇರೆ ಕೆಲಸ ಮಾಡಿಕೊಂಡಿರಲಿ, ತಿಂಗಳಿಗೆ ಇಷ್ಟು ಬಾಡಿಗೆ ಮನೆಗೆ ಬರುತ್ತದೆ" ಎನ್ನುತ್ತಾರೆ. ಮಗಳ ಮದುವೆಯೋ ಶಿಕ್ಷಣದ ಸಾಲವೋ ತಲೆಯ ಮೇಲಿರುವ ತಂದೆ ತಾಯಿಗೆ ಇದರಲ್ಲಿ ತಪ್ಪೇನಿದೆ ಎನಿಸುವುದು ಸಹಜ. ಆದರೆ 1948ರ ಫಾರ್ಮಸಿ ಕಾಯಿದೆಯ 42ನೆಯ ಕಲಮು, ವೈದ್ಯರ ಚೀಟಿಯ ಮೇಲಿನ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟರ ಹೊರತು ಬೇರೆ ಯಾರೂ ವಿತರಿಸಕೂಡದೆಂದು ಹೇಳುತ್ತದೆ. ಗೋಡೆಗೆ ತೂಗುಹಾಕಿದ ಸರ್ಟಿಫಿಕೇಟಿನ ಅರ್ಥ, ಆ ಹೆಸರಿನ ಮನುಷ್ಯ ಆ ಅಂಗಡಿಯಲ್ಲಿ ಇದ್ದಾನೆ, ಕೊಡುವ ಪ್ರತಿ ಔಷಧಿಗೂ ಅವನು ಜವಾಬ್ದಾರ ಎಂದೇ. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ತಾಯಿಯೊಂದಿಗೆ ನನ್ನ ಕೊಠಡಿಗೆ ಬಂದು ಕುಳಿತಿದ್ದ. ಅವನು ಬೆಂಗಳೂರಿನಲ್ಲಿ ಬೇರೆ ನೌಕರಿಯಲ್ಲಿದ್ದಾಗ ಅವನ ಹೆಸರಿನ ಸರ್ಟಿಫಿಕೇಟಿದ್ದ ಅಂಗಡಿಯಲ್ಲಿ ಔಷಧ ನಿಯಂತ್ರಣ ಅಧಿಕಾರಿಗಳ ತಪಾಸಣೆಯಾಗಿತ್ತು. ಲೆಕ್ಕಕ್ಕೆ ಸಿಗದ ಔಷಧಿಗಳಿಗೆಲ್ಲ ಅವನ ಹೆಸರಿನಲ್ಲಿ ನೋಟಿಸು ಬಂದಿತ್ತು. ಆ ತಾಯಿ ಕೇಳಿದ್ದು ಒಂದೇ ಮಾತು: "ಸಹಿ ಅವನದಲ್ಲ ಅಂತ ನೀವು ಬರೆದುಕೊಡ್ತೀರಾ?" ಬರೆದುಕೊಡಲು ನನ್ನಿಂದ ಆಗಲಿಲ್ಲ, ಏಕೆಂದರೆ ಸರ್ಟಿಫಿಕೇಟನ್ನು ಕೊಟ್ಟ ಕೈ ಅವನದೇ ಆಗಿತ್ತು. ನಾಲ್ಕು ವರ್ಷ ಮಕ್ಕಳು ಇಲ್ಲಿ ಕಲಿಯುವುದನ್ನೆಲ್ಲ ಗೋಡೆಯ ಮೇಲೆ ಗಾಜು ಹಾಕಿ ನಿಲ್ಲಿಸಿ, ಔಷಧಿ ಓದಲು ಬಾರದವರ ಕೈಗೆ ಅಂಗಡಿಯನ್ನು ಬಿಟ್ಟುಕೊಡುವ ಈ ಪದ್ಧತಿಗೆ ನಿಮ್ಮ ಮನೆಯಿಂದ ಒಂದು ಕಾಗದವೂ ಹೋಗದಿರಲಿ ಎಂದು ಕೈಮುಗಿದು ಕೇಳುತ್ತೇನೆ. ಸಾಲದ ಅಡಚಣೆಯಿದ್ದರೆ ನನ್ನ ಬಳಿ ಬನ್ನಿ. ನಿಜವಾಗಿ ಹೋಗಿ ನಿಂತು ಕೆಲಸ ಮಾಡುವ ಜಾಗಗಳನ್ನು ಹುಡುಕಿಕೊಡಲು ಕಾಲೇಜಿನ ಉದ್ಯೋಗ ಘಟಕ ಶ್ರಮಿಸುತ್ತದೆ.

ಇದಕ್ಕೆ ಹೊಂದಿದ ಇನ್ನೊಂದು ಸಣ್ಣ ಕೋರಿಕೆ. ಮಗ ಫಾರ್ಮಸಿ ಓದುತ್ತಿದ್ದಾನೆಂದು ಅಕ್ಕಪಕ್ಕದವರು ಜ್ವರಕ್ಕೆ, ಗಂಟಲು ನೋವಿಗೆ ಮಾತ್ರೆ ಹೆಸರು ಕೇಳಿ ಫೋನು ಮಾಡುತ್ತಾರೆ, ಅನೇಕ ವೇಳೆ ಪೋಷಕರೇ ಮಾಡಿಸುತ್ತಾರೆ. ದಯವಿಟ್ಟು ಬೇಡ. ಅದರಲ್ಲಿಯೂ ಆ್ಯಂಟಿಬಯಾಟಿಕ್ ಹೆಸರನ್ನು ಮಕ್ಕಳಿಂದ ಹೇಳಿಸಬೇಡಿ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯಲ್ಲಿ, ಎಂದರೆ ಹಲವು ಆ್ಯಂಟಿಬಯಾಟಿಕ್ಕುಗಳೂ ಸೇರಿರುವ ವಿಶೇಷ ನಿಗಾದ ಪಟ್ಟಿಯಲ್ಲಿ, ಇರುವ ಔಷಧಿಗಳನ್ನು ಮಾರುವಾಗ ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿ ಮತ್ತು ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಅಷ್ಟು ಕಟ್ಟುನಿಟ್ಟಾದ ಔಷಧಿಯನ್ನು ಫೋನಿನಲ್ಲಿ ಹೇಳುವ ಅಭ್ಯಾಸ ಈ ವಯಸ್ಸಿನಲ್ಲಿ ಅಂಟಿದರೆ ಆಮೇಲೆ ಬಿಡಿಸುವುದು ಕಷ್ಟ.

ಮುಂದಿನ ಕಾರ್ಯಕ್ರಮಗಳಿಗೆ ಬರೋಣ. ಸೆಪ್ಟೆಂಬರ್ 17ರಿಂದ 23ರವರೆಗೆ ದೇಶದಾದ್ಯಂತ ರಾಷ್ಟ್ರೀಯ ಔಷಧ ಸುರಕ್ಷತಾ ಸಪ್ತಾಹ ನಡೆಯುತ್ತದೆ. ಔಷಧಿಯಿಂದ ಮೈಮೇಲೆ ದದ್ದು, ತಲೆಸುತ್ತು, ಊತದಂತಹ ಅಡ್ಡಪರಿಣಾಮ ಕಂಡರೆ ಅದನ್ನು ದಾಖಲಿಸುವುದು ಹೇಗೆಂದು ನಮ್ಮ ವಿದ್ಯಾರ್ಥಿಗಳು ಆ ವಾರ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ತಿಳಿಸಿಕೊಡುತ್ತಾರೆ. ರೋಗಿಗಳೂ ಅವರ ಮನೆಯವರೂ ಸ್ವತಃ ದೂರು ದಾಖಲಿಸಬಹುದು, ಅದರ ನಮೂನೆ ಕನ್ನಡದಲ್ಲಿಯೂ ಇದೆ, ಉಚಿತ ಸಹಾಯವಾಣಿ 1800-180-3024 ಎಂಬುದು ಬಹಳ ಮಂದಿಗೆ ಗೊತ್ತೇ ಇಲ್ಲ. ಈ ಸಂಖ್ಯೆಯನ್ನು ನಿಮ್ಮ ಫೋನಿನಲ್ಲಿ ಉಳಿಸಿಕೊಳ್ಳಿ. ಎರಡು ದಿನ ಕಳೆದು, ಸೆಪ್ಟೆಂಬರ್ 25ರಂದು ವಿಶ್ವ ಫಾರ್ಮಸಿಸ್ಟರ ದಿನ. ಅಂತರರಾಷ್ಟ್ರೀಯ ಫಾರ್ಮಸಿ ಒಕ್ಕೂಟ 1912ರಲ್ಲಿ ಹೇಗ್ ನಗರದಲ್ಲಿ ಸ್ಥಾಪನೆಯಾದದ್ದು ಇದೇ ದಿನಾಂಕದಂದು. ಬೆಳಿಗ್ಗೆ ಜಾಥಾ, ಮಧ್ಯಾಹ್ನ ಹಳೆಯ ವಿದ್ಯಾರ್ಥಿಗಳೊಂದಿಗೆ ಮಾತುಕತೆ ಇರುತ್ತದೆ. ಸ್ವಂತ ಔಷಧಿ ಅಂಗಡಿಯಲ್ಲಿ ತಾವೇ ನಿಂತು ನಡೆಸುತ್ತಿರುವವರನ್ನೇ ಈ ಸಲ ಕರೆದಿದ್ದೇವೆ. ನವೆಂಬರ್ 18ರಿಂದ 24ರವರೆಗಿನ ವಿಶ್ವ ಆ್ಯಂಟಿಮೈಕ್ರೋಬಿಯಲ್ ಪ್ರತಿರೋಧ (ರೋಗಾಣುಗಳು ಔಷಧಿಗೆ ಬಗ್ಗದಂತಾಗುವುದು) ಜಾಗೃತಿ ಸಪ್ತಾಹದಲ್ಲಿ ಐದನೆಯ ಸೆಮಿಸ್ಟರಿನವರು ಸುತ್ತಲಿನ ಪ್ರೌಢಶಾಲೆಗಳಿಗೆ ಹೋಗುತ್ತಾರೆ. ಪ್ರಯಾಣದ ಒಪ್ಪಿಗೆ ಪತ್ರಕ್ಕೆ ನಿಮ್ಮ ಸಹಿ ಬೇಕಾಗುತ್ತದೆ.

ಎಂ.ಫಾರ್ಮ್ ಪ್ರವೇಶದ ರಾಷ್ಟ್ರಮಟ್ಟದ ಪರೀಕ್ಷೆಯಾದ ಜಿಪ್ಯಾಟ್ ಬರೆಯಲಿರುವ ಏಳನೆಯ ಸೆಮಿಸ್ಟರಿನವರಿಗೆ ಶನಿವಾರ ಮಧ್ಯಾಹ್ನದ ತಯಾರಿ ತರಗತಿಗಳು ಆರಂಭವಾಗಿವೆ. ಈ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಎಂ.ಫಾರ್ಮ್ ಸೇರಿದವರಿಗೆ ನಿಯಮಗಳಿಗೆ ಒಳಪಟ್ಟು ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಸಿಗುತ್ತದೆ. ಹಣದ ಕಾರಣಕ್ಕೆ ಮುಂದಿನ ಓದು ಬೇಡವೆಂದು ಈಗಲೇ ತೀರ್ಮಾನಿಸಬೇಡಿ. ಎಸ್‌ಎಸ್‌ಪಿ ಜಾಲತಾಣದಲ್ಲಿ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವವರು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು.

ಹಾಜರಾತಿಯ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಸೆಮಿಸ್ಟರ್ ಪರೀಕ್ಷೆಗೆ ಕೂರಲು ಪ್ರತಿ ವಿಷಯದಲ್ಲಿ ಶೇಕಡಾ 80 ಹಾಜರಾತಿ ಕಡ್ಡಾಯ. ಅಷ್ಟೇ ಅಲ್ಲ, ಥಿಯರಿ ವಿಷಯಗಳ ಆಂತರಿಕ ಅಂಕಗಳಲ್ಲಿ ಹಾಜರಾತಿಗೆಂದೇ ನಾಲ್ಕು ಅಂಕಗಳಿದ್ದು, ಶೇಕಡಾ 95 ದಾಟಿದವರಿಗೆ ನಾಲ್ಕೂ, 80ರ ಆಸುಪಾಸಿನಲ್ಲಿದ್ದವರಿಗೆ ಒಂದೇ ಅಂಕ ಸಿಗುತ್ತದೆ. ಹಬ್ಬ, ಜಾತ್ರೆ, ಮದುವೆಗೆಂದು ಎರಡು ದಿನಕ್ಕೆ ಕರೆಸಿಕೊಂಡ ಮಕ್ಕಳನ್ನು ದಯವಿಟ್ಟು ಮೂರನೆಯ ದಿನ ಕಳುಹಿಸಿಕೊಡಿ. ಪ್ರಯೋಗಾಲಯದ ತರಗತಿ ತಪ್ಪಿಸಿಕೊಂಡವರಿಗೆ ಗೆಳೆಯರ ರೆಕಾರ್ಡ್ ಪುಸ್ತಕ ನೋಡಿ ಬರೆಯುವುದೊಂದೇ ದಾರಿ ಉಳಿಯುತ್ತದೆ, ನಾನು ಮೇಲೆ ಹೇಳಿದ ಗಟ್ಟಿ ಮಾತ್ರೆಯ ಪಾಠ ಆ ಪುಸ್ತಕದಲ್ಲಿ ಸಿಗುವುದಿಲ್ಲ.

ಕೊನೆಯದಾಗಿ, ಪೋಷಕರ ಸಭೆಯನ್ನು ದಸರಾ ರಜೆ ಮುಗಿದ ನಂತರದ ಮೊದಲ ಶನಿವಾರ ಬೆಳಿಗ್ಗೆ 10.30ಕ್ಕೆ ಕಾಲೇಜಿನ ಸಭಾಂಗಣದಲ್ಲಿ ಕರೆದಿದ್ದೇವೆ. ಮೊದಲ ಆಂತರಿಕ ಪರೀಕ್ಷೆಯ ಅಂಕಗಳನ್ನು ಅಂದು ತೋರಿಸಲಾಗುವುದು. ಮಧ್ಯಾಹ್ನದ ಊಟದ ವ್ಯವಸ್ಥೆಯಿದೆ. ತಂದೆ ತಾಯಿ ಇಬ್ಬರೂ ಬರಲಾಗದಿದ್ದರೆ ಅಣ್ಣನೋ ಸೋದರಮಾವನೋ ಯಾರಾದರೊಬ್ಬರು ಖಂಡಿತ ಬರಬೇಕು. ಬರುವಾಗ ನಿಮ್ಮ ಮನೆಯ ಬೀರು, ಫ್ರಿಜ್ಜು, ದೇವರ ಗೂಡಿನ ಪಕ್ಕದ ಡಬ್ಬಿ, ಎಲ್ಲೆಲ್ಲಿ ಔಷಧಿಗಳಿವೆಯೋ ಅಲ್ಲಿಂದೆಲ್ಲ ಮಾತ್ರೆಯ ಪಟ್ಟಿ, ಅರ್ಧ ಉಳಿದ ಟಾನಿಕ್ಕು, ಮುಲಾಮು, ಹಳೆಯ ಚೀಟಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ತನ್ನಿ. ಇನ್ಸುಲಿನ್ ಮಾತ್ರ ಫ್ರಿಜ್ಜಿನಲ್ಲಿಯೇ ಇರಲಿ, ಅದರ ಹೆಸರು ಬರೆದುಕೊಂಡು ಬಂದರೆ ಸಾಕು. ಊಟದ ನಂತರ ಅಧ್ಯಾಪಕರ ಉಸ್ತುವಾರಿಯಲ್ಲಿ ಅಂತಿಮ ವರ್ಷದ ಮಕ್ಕಳು ನಿಮ್ಮೆದುರು ಕುಳಿತು, ಅವಧಿ ಮೀರಿದವನ್ನು ಬೇರೆ ತೆಗೆದು, ಎರಡು ಹೆಸರಿನಲ್ಲಿರುವ ಒಂದೇ ಔಷಧಿಯನ್ನು ಗುರುತಿಸಿ, ಯಾವುದನ್ನು ಊಟಕ್ಕೆ ಮೊದಲು, ಯಾವುದನ್ನು ನಂತರ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಬದಲಾಯಿಸಬೇಕಾದದ್ದು ಕಂಡರೆ ನಿಮ್ಮ ವೈದ್ಯರಿಗೆ ತೋರಿಸಲು ಒಂದು ಪತ್ರ ಕೊಡುತ್ತೇವೆ. ಯಾರಿಗೆ ಯಾವ ವಿದ್ಯಾರ್ಥಿ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದರಿಂದ, ನಿಮ್ಮೆದುರು ಬಂದು ಕೂರುವುದು ನಿಮ್ಮದೇ ಮಗಳಾಗಿರಲೂಬಹುದು. ಅವಳು ಕೇಳಿದ್ದಕ್ಕೆ ಮರೆಮಾಚದೆ ಉತ್ತರಿಸಿ.

ಇಂತಿ ನಿಮ್ಮ ವಿಶ್ವಾಸಿ,
ಪ್ರಾಂಶುಪಾಲರು